ಫೋನ್ ಹಚ್ಚುವ ಇಂಗ್ಲಿಷ್

ನಮ್ಮ ಕಡೆ ಹಚ್ಚದ ವಸ್ತುವಿಲ್ಲ. ದೀಪ ಹಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಅದು ಸರಿ. ಫ್ಯಾನು, ಟಿ.ವಿ.ಗಳನ್ನೂ ಹಚ್ಚುತ್ತೇವೆ. ಫೋನನ್ನಂತೂ ದಿನಕ್ಕೆ ಹತ್ತು ಸಲ ಹಚ್ಚುತ್ತೇವೆ. ಕುಂಕುಮಕ್ಕೂ ಮುಲಾಮಿಗೂ ಇದೇ ಕ್ರಿಯಾಪದ. ಇಷ್ಟನ್ನೆಲ್ಲ ಗೊಂದಲವಿಲ್ಲದೆ ನಡೆಸಿಕೊಂಡು ಬಂದ ನಾವು ಇಂಗ್ಲಿಷಿನ ‘ಟರ್ನ್ ಆನ್’, ‘ಟರ್ನ್ ಅಪ್’, ‘ಟರ್ನ್ ಡೌನ್’ ಎದುರಾದರೆ ಮಾತ್ರ ಬೆವರುತ್ತೇವೆ.

ನಾನು ಶಹಾಪುರದಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಇಂಗ್ಲಿಷ್ ನನ್ನ ವಿಷಯವಲ್ಲ. ಆದರೆ ಸುರಪುರದ ನನ್ನ ತಂಗಿಯ ಮಗಳು ಯಾದಗಿರಿಯಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಿದಳು. ಗಿರಾಕಿಗಳ ಮೊಬೈಲು, ಕಂಪ್ಯೂಟರು ಕೆಟ್ಟಾಗ ಫೋನಿನಲ್ಲೇ ದಾರಿ ಹೇಳುವ ಕೆಲಸ. ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ಅವಳ ತಂದೆ ದೀಪಾವಳಿಯ ತನಕ ಗಡುವು ಕೊಟ್ಟಿದ್ದರು; ಆಮೇಲೆ ವರ ನೋಡುವುದು. ಹುಡುಗಿ ನೋಟ್‌ಬುಕ್ಕು ಹಿಡಿದು ನಮ್ಮ ಮನೆಗೆ ಬಂದು ಹದಿನೈದು ದಿನ ಉಳಿದಳು.

ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಈಗಲೂ ಇದೆ. ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ಆ ಸಾಹೇಬ 1853ರವರೆಗೆ ಅಲ್ಲಿ ಆಡಳಿತ ನಡೆಸಿದ. ಊರಿಗೆ ಮಾತ್ರ ಇಂಗ್ಲಿಷ್ ಬರಲಿಲ್ಲ. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು, ಕಚೇರಿಯ ಭಾಷೆ ಉರ್ದು. ನಮ್ಮ ಅಜ್ಜ ನೌಕರಿಗೆಂದು ಉರ್ದು ಕಲಿತರು. ನನಗೆ ಕನ್ನಡವೇ ಅನ್ನ ಕೊಟ್ಟಿತು. ಈಗ ಇವಳ ಪಾಳಿ.

ಅವಳ ನೋಟ್‌ಬುಕ್ಕಿನಲ್ಲಿ ಉದ್ದ ಪಟ್ಟಿ: ‘ಲಾಗ್ ಇನ್’, ‘ಸೆಟ್ ಅಪ್’, ‘ಪ್ಲಗ್ ಇನ್’, ‘ಬ್ರೇಕ್ ಡೌನ್’. ರಾತ್ರಿ ಬಾಯಿಪಾಠ, ಬೆಳಿಗ್ಗೆ ಮರೆವು.

“ದೊಡ್ಡವ್ವ, ‘ಬ್ರೇಕ್’ ಅಂದ್ರ ಮುರಿ, ‘ಡೌನ್’ ಅಂದ್ರ ಕೆಳಗ. ಮಷೀನು ಕೆಟ್ಟು ನಿಂತ್ರ ಕೆಳಗ್ಯಾಕ ಮುರೀಬೇಕು?”

“ನಾವು ‘ಕೆಟ್ಟುಹೋತು’ ಅಂತೀವಿ. ಕೆಟ್ಟಿದ್ದು ಎಲ್ಲಿಗೆ ಹೋತು?”

ಹುಡುಗಿ ನಕ್ಕಳು. ಹೋಗು, ಬಿಡು, ಹಾಕು, ಕೊಳ್ಳು ಇವು ನಮ್ಮಲ್ಲಿ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಂದಾಗ ತಮ್ಮ ಅರ್ಥ ಬಿಟ್ಟು ಅದರ ಅರ್ಥಕ್ಕೆ ಬಣ್ಣ ಕೊಡುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸ ಅಪ್, ಡೌನ್, ಆನ್, ಆಫ್‌ಗಳದು. ಅಂದಿನಿಂದ ಅವಳು ಬಿಡಿ ಪದ ಉರು ಹೊಡೆಯದೆ ಇಡೀ ವಾಕ್ಯ ಹೇಳತೊಡಗಿದಳು.

‘ಹ್ಯಾಂಗ್’ ಮಾತ್ರ ಕಾಡಿತು. ನಮ್ಮಲ್ಲಿ ಮೊಬೈಲು ಹ್ಯಾಂಗ್ ಆದರೆ ಮಿಸುಕುವುದಿಲ್ಲ. ಗಿರಾಕಿ ‘ಹ್ಯಾಂಗ್ ಆನ್’ ಎಂದರೆ ತುಸು ತಾಳು, ‘ಹ್ಯಾಂಗ್ ಅಪ್’ ಎಂದರೆ ಫೋನ್ ಇಡು. ಹಿಂದೆ ಗೋಡೆಯ ಫೋನಿನಲ್ಲಿ ಮಾತು ಮುಗಿದ ಮೇಲೆ ರಿಸೀವರನ್ನು ಕೊಕ್ಕೆಗೆ ತೂಗುಹಾಕುತ್ತಿದ್ದರು. ಕೊಕ್ಕೆ ಹೋಯಿತು, ಮಾತು ಉಳಿಯಿತು. ನಾವೂ ಅಂಗೈಯಲ್ಲಿನ ಫೋನನ್ನು ಎಲ್ಲೂ ಇಡದೆಯೇ ‘ಇಡ್ತೀನಿ’ ಎನ್ನುತ್ತೇವಲ್ಲ!

ಕಾಲಗಳಿಗೆ ನಮ್ಮ ಆಡುಮಾತೇ ಕೈಹಿಡಿಯಿತು. ‘ಕರೆಂಟ್ ಹೋತು’ ಎಂದರೆ ಹೋದ ಸುದ್ದಿ, ಈಗ ಬಂದಿರಲೂಬಹುದು. ‘ಕರೆಂಟ್ ಹೋಗ್ಯಾದ’ ಎಂದರೆ ಇನ್ನೂ ಕತ್ತಲೆ. ‘ನೀ ಬರೂದ್ರಾಗ ಹೋಗಿತ್ತು’ ಎಂದರೆ ಅದಕ್ಕೂ ಮೊದಲಿನ ಮಾತು. ‘ವೆಂಟ್’, ‘ಹ್ಯಾಸ್ ಗಾನ್’, ‘ಹ್ಯಾಡ್ ಗಾನ್’ ಇವೇ ಅಲ್ಲವೆ? ಪುಸ್ತಕದ ‘ಹೋಗಿದೆ’ಯೂ ಅದೇ. ಆದರೆ ಯಾದಗಿರಿಯ ಕಾಲೇಜಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಮನೆಯ ಮಾತಿನಿಂದ ಅವಳಿಗೆ ಬೇಗ ಹೊಳೆಯಿತು.

ಎಲ್ಲಕ್ಕೂ ಜೋಡಿ ಸಿಗುವುದಿಲ್ಲ. ‘ಒಂದು ತಾಸಿನಿಂದ ಕಾಯ್ಲಿಕತ್ತೀನಿ’ ಎಂಬುದು ಅವಳ ಬಾಯಲ್ಲಿ ‘ಐ ಆಮ್ ವೇಟಿಂಗ್ ಫ್ರಂ ಒನ್ ಅವರ್’ ಆಗುತ್ತಿತ್ತು. ಅಲ್ಲಿ ‘ಹ್ಯಾವ್ ಬೀನ್’ ಬೇಕು, ‘ಫಾರ್’ ಬೇಕು. ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾಯುತ್ತ ಹೇಳಿಸಿದೆ. ಬಸ್ಸು ತಡವಾದಷ್ಟೂ ಪಾಠ ಗಟ್ಟಿಯಾಯಿತು.

ಮೊದಲ ಸುತ್ತು ಫೋನಿನಲ್ಲೇ ಮುಗಿದು ಪಾಸಾದಳು. ಎರಡನೆಯದಕ್ಕೆ ಮಂಗಳವಾರ ಬೆಂಗಳೂರಿಗೆ ಬರಹೇಳಿದರು. ಸೋಮವಾರ ಯಾದಗಿರಿಯಲ್ಲಿ ರೈಲು ಹತ್ತಬೇಕು. ಅದೇ ಸೋಮವಾರ ಸಂಜೆ ಅವಳ ತಂದೆ ವರನ ಕಡೆಯವರನ್ನು ಕರೆದಿದ್ದರು. ದೀಪಾವಳಿಗೆ ಇನ್ನೂ ಹನ್ನೆರಡು ದಿನವಿತ್ತು.

ಪಟ್ಟಿಯಲ್ಲಿ ‘ಪುಟ್ ಆಫ್’ ಕೂಡ ಇತ್ತು. ಮುಂದಕ್ಕೆ ಹಾಕು. ಅದನ್ನು ಅಪ್ಪನ ಎದುರು ಕನ್ನಡದಲ್ಲಿ ಹೇಳಲು ಹುಡುಗಿಗೆ ಬಾಯಿ ಬರಲಿಲ್ಲ. ನಾನೇ ಸುರಪುರಕ್ಕೆ ಹೋದೆ.

“ಮಾತು ಕೊಟ್ಟೀನಿ ಅಕ್ಕಾರ, ಹ್ಯಾಂಗ ತಪ್ಪಲಿ?” ಎಂದರು.

“ಮಗಳಿಗೂ ದೀಪಾವಳಿ ತನಕ ಅಂತ ಮಾತು ಕೊಟ್ಟೀರಿ.”

ಬಹಳ ಹೊತ್ತು ಸುಮ್ಮನಿದ್ದರು. ತಂಗಿ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಳು. ಕೊನೆಗೆ ವರನ ಮನೆಗೆ ಫೋನ್ ಹಚ್ಚಿ, ಸೋಮವಾರ ಬೇಡ ಎಂದರು. ಯಾವಾಗ ಎಂದು ಹೇಳಲಿಲ್ಲ.