ಕ್ರಾಸಿಂಗ್ ಉಂಟು ಮಾಮ

ಮಣಿಪಾಲ, ಶುಕ್ರವಾರ.
ಅಳಿಯನಿಗೆ ಆರು ತುಂಬುತ್ತದೆ. ಆಟದ ಸಾಮಾನಿನ ಅಂಗಡಿಯಲ್ಲಿ ರೈಲಿನ ಸೆಟ್ ಕೇಳಿದರೆ ಅಲ್ಲಿಯ ಹುಡುಗ, "ಮಗುವಿಗಾ ಸರ್, ನಿಮಗಾ?" ಎಂದ. ಬೆಲೆ ಹೇಳುವ ಮೊದಲೇ ಕೇಳುವ ಪ್ರಶ್ನೆಯಾ ಇದು? ಮಗುವಿನದ್ದನ್ನೇ ತಂದೆ. ಸೆಲ್ ಹಾಕಿದರೆ ಓಡುವಂಥದ್ದು, ಉರುಟು ಹಳಿ.

ಎಂಜಿನ್ನಿನ ತಲೆಯ ಮೇಲೆ ಹೊಗೆ ಕೊಳವೆ. ಉಡುಪಿಗೆ ರೈಲು ಬಂದದ್ದೇ 1993ರಲ್ಲಿ, ಡೀಸೆಲ್ ಕಾಲದಲ್ಲಿ. 2022ಕ್ಕೆ ಕೊಂಕಣದ ಹಳಿಯಿಡೀ ಕರೆಂಟೂ ಬಂತು. ಇಲ್ಲಿಯ ಅಜ್ಜಂದಿರೂ ಕಾಣದ ಹೊಗೆ ಮೊಮ್ಮಕ್ಕಳ ಆಟಕ್ಕೆ ಮಾತ್ರ ಯಾಕೆ ಬೇಕೋ!

ಅದೇ ರಾತ್ರಿ.
ಅಂಗಡಿಯ ಕಪಾಟಿನೊಳಗೆ ದೊಡ್ಡವರ ರೈಲೂ ಇತ್ತು, ನಿಜವಾದದ್ದರ 87ರಲ್ಲಿ ಒಂದು ಪಾಲಿನದ್ದು. ನಿದ್ದೆ ಬಾರದೆ ಲೆಕ್ಕ ಹಾಕಿದೆ. ಕೊಂಕಣ ರೈಲ್ವೆಯ ತಿರುವುಗಳಿಗೆ ಕನಿಷ್ಠ 1250 ಮೀಟರ್ ತ್ರಿಜ್ಯ ಇರಲೇಬೇಕೆಂದು ನಕ್ಷೆ ಮಾಡಿದ್ದರು. ಅದನ್ನು ಆಟಿಕೆಗೆ ಇಳಿಸಿದರೂ 14 ಮೀಟರ್ ದಾಟುತ್ತದೆ. ಪೂರ್ತಿ ಸುತ್ತು ಹಾಕಲು ಗುತ್ತಿನ ಮನೆಯ ಅಂಗಳವೂ ಸಾಲದು. ನಾನು ತಂದದ್ದು ಮಣೆಯ ಸುತ್ತ ತಿರುಗುತ್ತದೆ.

ಕಾರ್ಕಳ, ಭಾನುವಾರ.
ರೈಲೇ ಇಲ್ಲದ ಊರಿಗೆ ರೈಲು ತಂದಿದ್ದೇನೆ. ಹುಡುಗ ಹತ್ತಿದ್ದು ಒಮ್ಮೆ, ಉಡುಪಿಯ ಇಂದ್ರಾಳಿ ಸ್ಟೇಶನ್ನಿನಲ್ಲಿ ಮತ್ಸ್ಯಗಂಧ, ಮುಂಬೈಗೆ. ಹಳಿ ಜೋಡಿಸಲು ಭಾವ ಚಾವಡಿಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿದರು. ಮಗನಿಗೆ ಮುಟ್ಟಲು ಬಿಡಲಿಲ್ಲ. (ಅಂಗಡಿಯ ಹುಡುಗನ ಪ್ರಶ್ನೆ ಈಗ ಅರ್ಥವಾಯಿತು.)

ಓಡಿತು. ಎರಡು ಸುತ್ತು. ಮೂರನೆಯದರಲ್ಲಿ ನಿಂತಿತು. ಸೆಲ್ ಮುಗಿಯಿತೆಂದು ಭಾವ ಸ್ಕ್ರೂ ಡ್ರೈವರ್ ತರಲು ಎದ್ದರು. ನೋಡಿದರೆ ಸ್ವಿಚ್ಚಿನ ಮೇಲೆ ಅಳಿಯನ ಬೆರಳು.

"ಯಾಕೋ ನಿಲ್ಲಿಸಿದ್ದು?"

"ಕ್ರಾಸಿಂಗ್ ಉಂಟು ಮಾಮ."

ಹೌದಲ್ಲ! ನಮ್ಮ ಕಡೆ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಯಾವುದೋ ಸ್ಟೇಶನ್ನಿನಲ್ಲಿ ಬದಿಗೆ ಸರಿದು ಕಾಯಬೇಕು, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ, ಯಾರೋ ಬಾಗಿಲಿಗೆ ಹೋಗಿ ಇಣುಕಿ ಬಂದು "ಇನ್ನೂ ಇಲ್ಲ ಮಾರಾಯ್ರೆ" ಎನ್ನುತ್ತಾರೆ. ನಾವು ಶಪಿಸುವ ಆ ಹೊತ್ತೇ ಇವನಿಗೆ ರೈಲು ಅಂದರೆ.

ಮಣೆಯೇ ಇನ್ನಂಜೆ ಸ್ಟೇಶನ್ನಂತೆ. ಕಾಪುವಿನ ಅಜ್ಜಿ ಅಲ್ಲಿ ಇಳಿಯಬೇಕು, ಕಾಪುವಿನ ಹೆಸರಿನ ಸ್ಟೇಶನ್ ಇಲ್ಲವಲ್ಲ. ಸುಮ್ಮನೆ ಕೂರದೆ ಒಂದು ಪ್ಲಾಸ್ಟಿಕ್ ಲಾರಿ ಎತ್ತಿ ಬೋಗಿಯ ಮೇಲಿಟ್ಟ. "ರೈಲಿನ ಮೇಲೆ ಲಾರಿ ಹೋಗ್ತದಾ?" ಎಂದು ಭಾವ ನಕ್ಕರು. ಕೊಂಕಣ ರೈಲ್ವೆಯಲ್ಲಿ 1999ರಿಂದ ಹೋಗುತ್ತಿದೆ, ಡ್ರೈವರ್ ಸಮೇತ. ನಾನು ಬಾಯಿ ಬಿಡುವ ಮೊದಲೇ ಹುಡುಗ ಅಪ್ಪನನ್ನು ನೋಡಿದ ನೋಟ ಸಾಕಾಯಿತು.

ಸಂಜೆ ಆರು. ಮಣಿಪಾಲದ ಬಸ್ಸಿಗೆ ಹೊರಟೆ. ಎದುರಿನ ಗಾಡಿ ಇನ್ನೂ ಬಂದಿರಲಿಲ್ಲ.