ಬೇಲಿಯಿಲ್ಲದ ಬೆಟ್ಟದ ಕಪ್ಪು ಮರಿಗಳು

ಕೆಸ್ವಿಕ್‌ನಿಂದ ಹೊರಟ ಬಸ್ಸು ಡರ್ವೆಂಟ್‌ವಾಟರ್ ಸರೋವರದ ದಂಡೆ ಹಿಡಿದು ಬಾರೋಡೇಲ್ ಕಣಿವೆಯೊಳಕ್ಕೆ ನುಗ್ಗುತ್ತದೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್, ಏಪ್ರಿಲ್ ತಿಂಗಳ ಕೊನೆ. ಸೀಟಾಲರ್‌ನಲ್ಲಿ ಇಳಿದು ಪಾಚಿಗಟ್ಟಿದ ಕಲ್ಲುಗೋಡೆಗಳ ನಡುವೆ ನಡೆದರೆ ಎರಡೂ ಕಡೆಯಿಂದ ಬ್ಯಾ, ಬ್ಯಾ! ತಾಯಂದಿರದು ಒರಟು ದನಿ, ಮರಿಗಳದು ಕೀಚಲು. ಮುಂದೆ ಸಿಗುವುದೇ ಸೀತ್‌ವೇಟ್. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಇಂಗ್ಲೆಂಡಿನಲ್ಲಿ ಜನ ವಾಸಿಸುವ ಜಾಗಗಳಲ್ಲಿ ಇದಕ್ಕಿಂತ ಒದ್ದೆಯಾದದ್ದಿಲ್ಲ. ಆಗುಂಬೆಯವರು ಕೇಳಿದರೆ ನಕ್ಕುಬಿಟ್ಟಾರು. ಆದರೆ ಈ ಮಳೆಯ ಚಳಿ ಮೂಳೆಗೇ ಇಳಿಯುತ್ತದೆ, ಮತ್ತು ಇಲ್ಲಿನ ಹರ್ಡ್‌ವಿಕ್ ತಳಿಯ ಕುರಿಗಳು ಈಯುವುದು ಈ ಮಳೆಯಲ್ಲೇ, ಬಯಲಲ್ಲೇ.

ಕುರಿ ಬೂದು, ಮುಖ ಬಿಳಿ, ಮರಿ ಮಾತ್ರ ಇದ್ದಿಲಿನಂತೆ ಕಪ್ಪು. ಕಿವಿಯ ತುದಿಗೊಂದು ಬಿಳಿಯ ಅಂಚು!

ಗೋಡೆಯ ಮರೆಯಲ್ಲಿ ಒಂದು ಕುರಿ ಮಲಗಿ ಮುಕ್ಕರಿಯುತ್ತಿದೆ. ಈಯುವ ಕಾಲದ ಕೆಲಸಕ್ಕೆಂದು ಬಂದಿರುವ ಪಶುವೈದ್ಯ ವಿದ್ಯಾರ್ಥಿನಿ ಕೆಸರಿನಲ್ಲೇ ಬೋರಲು ಬೀಳುತ್ತಾಳೆ. ಮೂಗಿನ ಜೊತೆ ಎರಡೂ ಮುಂಗಾಲು ಕಾಣಬೇಕು. ಇಲ್ಲಿ ಕಾಣುತ್ತಿರುವುದು ಒಂದೇ. ಜಾರುವ ಜೆಲ್ ಬಳಿದ ಕೈಯನ್ನು ಮೆಲ್ಲಗೆ ಒಳಗೆ ತೂರಿಸಿ, ಹಿಂದೆ ಮಡಚಿಕೊಂಡ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತರುತ್ತಾಳೆ. ಗರ್ಭಕೋಶಕ್ಕೆ ಗೀರು ಬೀಳಬಾರದಲ್ಲ. ಕುರಿ ಮುಕ್ಕರಿದಾಗ ಮಾತ್ರ ಎಳೆತ. ಮರಿ ಜಾರಿ ಹುಲ್ಲಿಗೆ ಬೀಳುತ್ತದೆ. ಉಸಿರಿಲ್ಲ! ಹುಲ್ಲುಕಡ್ಡಿಯೊಂದನ್ನು ಮೂಗಿಗೆ ಆಡಿಸುತ್ತಾಳೆ. ಮರಿಗೆ ಸೀನು ಬರುತ್ತದೆ, ನನಗೆ ನಗು. ಹೊಕ್ಕುಳಿಗೆ ಅಯೋಡಿನ್, ಬಾಯಿಗೆ ಗಿಣ್ಣು. ತಾಯಿ ಆಗಲೇ ನೆಕ್ಕಲು ಶುರುಮಾಡಿದ್ದಾಳೆ.

ಕೊಟ್ಟಿಗೆಯಲ್ಲಿ ಮಾಲೀಕರು ಸತ್ತ ಮರಿಯೊಂದರ ಚರ್ಮವನ್ನು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸುತ್ತಿದ್ದಾರೆ. ಮರಿ ಕಳೆದುಕೊಂಡ ತಾಯಿ ಮೂಸುತ್ತದೆ, ತನ್ನದೇ ವಾಸನೆ, ಮೊಲೆಗೆ ಬಿಡುತ್ತದೆ. ಕರುಳು ಹಿಂಡುವ ಮೋಸ, ಆದರೂ ಎರಡು ಜೀವಕ್ಕೆ ಒಳ್ಳೆಯದು.

ಇಷ್ಟೆಲ್ಲ ಒದ್ದಾಟ ಏಕೆಂದು ಕೇಳಿದರೆ ಅವರು ಕೈ ತೋರುವುದು ಮೋಡ ಹೊದ್ದ ಬೆಟ್ಟದ ಕಡೆಗೆ. ಬೇಸಿಗೆಗೆ ಮರಿಗಳೊಂದಿಗೆ ಕುರಿಗಳು ಅಲ್ಲಿಗೆ ಹತ್ತುತ್ತವೆ. ಮೇಲೆ ಮಂದೆ ಮಂದೆಗಳ ನಡುವೆ ಬೇಲಿಯಿಲ್ಲ. ಆದರೂ ತನ್ನ ಮಂದೆಯ ಮೇವು ಎಲ್ಲಿಯವರೆಗೆ ಎಂಬುದು ಕುರಿಗೆ ಗೊತ್ತು. ಅದನ್ನು ಮರಿ ಕಲಿಯುವುದು ತಾಯಿಯ ಹಿಂದೆ ತಿರುಗಿಯೇ. 2001ರ ಕಾಲುಬಾಯಿ ಜ್ವರದಲ್ಲಿ ಈ ಬೆಟ್ಟಗಳಿರುವ ಕಂಬ್ರಿಯಾದ ಮಂದೆಗಳನ್ನು ಸಾಮೂಹಿಕವಾಗಿ ಕೊಂದಾಗ ಎಲ್ಲರ ಎದೆ ನಡುಗಿದ್ದು ಇದಕ್ಕೇ. ಹೊಸ ಕುರಿ ಕೊಳ್ಳಬಹುದು, ಬೆಟ್ಟ ಬಲ್ಲ ಕುರಿಯನ್ನು ಯಾವ ಸಂತೆಯಲ್ಲಿ ತರುವುದು? ಮಕ್ಕಳಿಗೆ ಪೀಟರ್ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಇದನ್ನು ಮೊದಲೇ ಅರಿತಿದ್ದರು. 1943ರಲ್ಲಿ ತೀರಿಕೊಂಡಾಗ ಅವರು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಗೆ ಬಿಟ್ಟುಹೋದದ್ದು 4,000 ಎಕರೆಗೂ ಹೆಚ್ಚು ಭೂಮಿ. ಅಲ್ಲಿ ಹರ್ಡ್‌ವಿಕ್ ಕುರಿಗಳೇ ಮೇಯುತ್ತಿರಬೇಕೆಂಬುದು ಅವರ ಇಚ್ಛೆ. ನನ್ನ ಮಟ್ಟಿಗೆ ಮೊಲದ ಕಥೆಗಿಂತ ಈ ಕುರಿಯ ಕಥೆಯೇ ದೊಡ್ಡದು.

ನೀವು ಹೋಗುವುದಾದರೆ ಏಪ್ರಿಲ್ ನಡುವಿನಿಂದ ಮೇ ತಿಂಗಳೊಳಗೆ ಹೋಗಿ. ನೀವು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ನಡೆಯಿರಿ. ಬಸುರಿಯರು ಮಾತ್ರ ಈಯುವ ಕುರಿಗಳ ಹತ್ತಿರ ಸುಳಿಯಬಾರದು. ಅವುಗಳಿಂದ ತಗಲುವ ಸೋಂಕಿನಿಂದ ಗರ್ಭಕ್ಕೆ ಅಪಾಯವಿದೆ.