ಎಡಗಾಲಿನ ಕೆಲಸ

ಒಬ್ಬೊಬ್ಬ ಗಂಡಸರಿಗೆ ಒಂದೊಂದರ ಮೇಲೆ ಮೋಹ. ಕೆಲವರಿಗೆ ಹೊಲ, ಕೆಲವರಿಗೆ ಇಸ್ಪೀಟು. ನಮ್ಮವರಿಗೆ ಅವರ ಪಿಕಪ್ ಗಾಡಿ. ಹದಿಮೂರು ವರ್ಷದ ಹಿಂದೆ ನನ್ನ ಸಂಬಳದ ಮೇಲೆ ಸಾಲ ಎತ್ತಿ ಕೊಂಡದ್ದು. ನಮ್ಮ ದೇವಸಮುದ್ರದ ಶೇಂಗಾ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗುವುದು ಇಂಥ ಗಾಡಿಗಳಲ್ಲೇ. ನಮ್ಮ ಮೂಟೆಯ ಜೊತೆಗೆ ಊರಿನವರ ಮೂಟೆಯನ್ನೂ ಬಾಡಿಗೆಗೆ ಸಾಗಿಸುತ್ತಿದ್ದರು. ಆಗ ನಾನು, "ರೀ, ನನಗೂ ಕಲಿಸಿ" ಎಂದು ಒಮ್ಮೆ ಕೇಳಿದ್ದುಂಟು. "ನಿನಗ್ಯಾಕೆ ಇದು? ಎಲ್ಲಿಗೆ ಬೇಕು ಹೇಳು, ನಾನೇ ಬಿಡ್ತೀನಿ" ಎಂದು ನಕ್ಕಿದ್ದರು. ನಾನೂ ನಕ್ಕು ಒಳಗೆ ಹೋದೆ. ಒಲೆಯ ಮೇಲೆ ಹಾಲಿತ್ತು.

2025ರ ಸಂಕ್ರಾಂತಿಯ ಮುಂದೆ ಹೊಲದ ಬದುವಿನಲ್ಲಿ ಜಾರಿಬಿದ್ದು ಅವರ ಎಡ ಮೊಣಕಾಲು ಪೆಟ್ಟಾಯಿತು. ಡಾಕ್ಟರು, "ನಡೆದಾಡಿ, ಆದರೆ ಆ ಕಾಲಿನಿಂದ ಒತ್ತಿ ಹಿಡಿಯುವ ಕೆಲಸ ಇನ್ನು ಬೇಡ" ಎಂದರು. ಗಾಡಿ ಓಡಿಸುವವರಿಗೆ ಎಡಗಾಲಿನ ಕೆಲಸ ಒಂದೇ, ಕ್ಲಚ್ ಒತ್ತುವುದು. ಬ್ರೇಕೂ ಆಕ್ಸಿಲರೇಟರೂ ಬಲಗಾಲಿನವು. ಒಂದು ಕಾಲಿನಿಂದಾಗಿ ಇಡೀ ಗಾಡಿ ಅಂಗಳದಲ್ಲಿ ನಿಂತಿತು. ಡ್ರೈವರ್ ಇಟ್ಟುಕೊಳ್ಳೋಣವೆಂದರೆ, "ನನ್ನ ಗಾಡಿ ಇನ್ನೊಬ್ಬರ ಕೈಗೆ ಕೊಡಲ್ಲ" ಎಂದು ಹಟ. ದಿನಾ ಬೆಳಿಗ್ಗೆ ಅದನ್ನು ಒರೆಸಿ, ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು ಇಳಿದು ಬರುತ್ತಿದ್ದರು. ನಾನು ಶಾಲೆಗೆ ಹೊರಡುವಾಗ ಅದನ್ನು ಕಂಡೂ ಕಾಣದ ಹಾಗೆ ಹೋಗುತ್ತಿದ್ದೆ.

ಬೆಂಗಳೂರಿನಿಂದ ಮಗ ಫೋನು ಮಾಡಿದ. "ಅಪ್ಪಾ, ಆಟೋಮ್ಯಾಟಿಕ್ ಗೇರ್ ಹಾಕಿಸಿಬಿಡಿ. ಹೊರದೇಶದಲ್ಲಿ ಹಳೇ ಪಿಕಪ್‌ಗೂ ಹಾಕ್ತಾರೆ. ಕ್ಲಚ್ಚೇ ಇರಲ್ಲ." ಇವರ ಮುಖ ಅರಳಿತು. ಮಾರನೆಯ ದಿನವೇ ಚಳ್ಳಕೆರೆಯ ನಮ್ಮ ಮೇಸ್ತ್ರಿಗೆ ಹೇಳಿಕಳಿಸಿದ್ದಾಯಿತು.

ಮೇಸ್ತ್ರಿ ಬಂದು ಗಾಡಿಯ ಕೆಳಗೆ ಒಮ್ಮೆ ನುಸುಳಿ ಎದ್ದರು. ಚಹ ಕುಡಿಯುತ್ತ ನನಗೇ ಪಾಠ ಹೇಳಿದರು. "ಮೇಡಮ್ಮೋರೇ, ಎರಡು ಟೇಬಲ್ ಫ್ಯಾನು ಎದುರುಬದುರು ಇಡಿ. ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ. ಆಟೋಮ್ಯಾಟಿಕ್‌ನಲ್ಲಿ ಗಾಳಿ ಬದಲು ಎಣ್ಣೆ. ಇಂಜಿನ್ನು ಒಂದು ಚಕ್ರ ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗಿ ಗಾಡಿ ಹೋಗುತ್ತೆ. ಅದಕ್ಕೇ ಕ್ಲಚ್ ಪೆಡಲ್ ಬೇಡ." ಕೇಳಲು ಸುಲಭ. ಮಾಡಲು? ನಮ್ಮ ಇಂಜಿನ್ನಿಗೆ ಬೋಲ್ಟು ಬೋಲ್ಟಿಗೂ ಕೂರುವ ಗೇರ್‌ಬಾಕ್ಸ್ ಸಿಗಬೇಕು. ಫ್ಲೈವೀಲು ಬದಲಾಗಬೇಕು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಅಳತೆಗೆ ತಕ್ಕಂತೆ ಮಾಡಿಸಬೇಕು. ಎಣ್ಣೆ ಕಾಯದಂತೆ ಬೇರೆ ಕೂಲರ್ ಇಡಬೇಕು. ಎಲ್ಲ ಸೇರಿದರೆ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತದೆ.

"2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ಬಂತಲ್ಲ, ಆ ತರಹದ್ದು?" ಎಂದರು ಇವರು. ಅದರಲ್ಲಿ ಗೇರ್‌ಬಾಕ್ಸ್ ಹಳೇ ಪದ್ಧತಿಯದೇ. ಕ್ಲಚ್ ಬಿಡುವುದು, ಗೇರ್ ಹಾಕುವುದು ಮಾತ್ರ ಯಂತ್ರದ ಕೆಲಸ. "ಅದಕ್ಕೆ ಯಾವಾಗ ಏನು ಮಾಡಬೇಕು ಅಂತ ಹೇಳೋಕೆ ಒಂದು ಕಂಪ್ಯೂಟರ್ ಬೇಕು ಸ್ವಾಮಿ. ನಿಮ್ಮ ಗಾಡಿಯಲ್ಲಿ ಅದಕ್ಕೆ ತಕ್ಕ ವೈರಿಂಗೂ ಇಲ್ಲ" ಎಂದರು ಮೇಸ್ತ್ರಿ. ಉಳಿದದ್ದು ಒಂದೇ ದಾರಿ: ಕ್ಲಚ್ಚಿನ ಕೆಲಸವನ್ನು ಕೈಗೆ ಕೊಡುವ ಲಿವರ್. ಕಾಲು ಬಾರದ ಎಷ್ಟೋ ಜನ ಹಾಗೆ ಕಾರು ಓಡಿಸುತ್ತಾರೆ.

ಅಲ್ಲಿ ಕಾನೂನು ಎದುರಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅಂಗವೈಕಲ್ಯ ಇರುವವರಿಗೆ ಅನುಮತಿ ಪಡೆದು ಮಾಡಿಸುವ ಅವಕಾಶ ಉಂಟು. ಆದರೆ ಆ ವಾಹನ ಅಂಥವರ ಉಪಯೋಗಕ್ಕೇ ಮೀಸಲು. ಊರಿನವರ ಮೂಟೆ ಹೊರುವ ಬಾಡಿಗೆ ಗಾಡಿಗೆ ಅದು ಹೊಂದುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, "ಅಂಗವಿಕಲ" ಎಂದು ಅರ್ಜಿಯಲ್ಲಿ ಬರೆಯಬೇಕಾಗುತ್ತದೆಂದು ಕೇಳಿದೊಡನೆ ಇವರು ಎದ್ದು ಹಿತ್ತಲಿಗೆ ಹೋದರು. ಮೇಸ್ತ್ರಿ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಎಡಗಾಲಿಗೆ ಬದಲಾಗಿ ಎಣ್ಣೆ, ಕಂಪ್ಯೂಟರು, ಲಿವರು ಎಲ್ಲವನ್ನೂ ಹುಡುಕಿದೆವು. ಇಪ್ಪತ್ತೆಂಟು ವರ್ಷ ಬೋರ್ಡಿನ ಮುಂದೆ ನಿಂತ ಎರಡು ಕಾಲು ಅದೇ ಮನೆಯಲ್ಲಿದ್ದವು. ಅವರಿಗೆ ಹೊಳೆಯಲಿಲ್ಲ ಸರಿ, ಮಗನಿಗೂ ಹೊಳೆಯಲಿಲ್ಲ. ನನಗೇ ಹೊಳೆದಿರಲಿಲ್ಲವಲ್ಲ! ಅದೇ ನನ್ನನ್ನು ಚುಚ್ಚಿತು.

ಬೇಸಿಗೆ ರಜೆಗೆ ಚಳ್ಳಕೆರೆಯ ತವರಿಗೆ ಹೋದವಳು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ನನಗೆ ಐವತ್ತನಾಲ್ಕು, ಪಕ್ಕದ ಹುಡುಗಿಗೆ ಹತ್ತೊಂಬತ್ತು. ಮೊದಲ ವಾರ ಕಾರು ಕುದುರೆಯಂತೆ ಕುಪ್ಪಳಿಸಿ ನಿಲ್ಲುತ್ತಿತ್ತು. ಎಡಗಾಲನ್ನು ಎಷ್ಟು ನಿಧಾನವಾಗಿ ಎತ್ತಬೇಕೆಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಕಲಿಕೆಯ ಲೈಸೆನ್ಸಿನ ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಿ ಪಾಸಾದೆ. ಲಘು ವಾಹನದ ಲೈಸೆನ್ಸಿನಲ್ಲೇ 7,500 ಕಿಲೋವರೆಗಿನ ಸರಕು ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ನಮ್ಮ ಪಿಕಪ್ಪಿನ ತೂಕ ಅದರೊಳಗೇ.

ಊರಿಗೆ ಬಂದು ಹೇಳಿದಾಗ ಇವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೀಲಿಕೈ ಅಡುಗೆಮನೆಯ ಕಟ್ಟೆಯ ಮೇಲಿತ್ತು.

ಕಾರ್ತೀಕದಲ್ಲಿ ನಮ್ಮ ಶೇಂಗಾ ಚಳ್ಳಕೆರೆಗೆ ನಾನೇ ಒಯ್ದೆ, ಭಾನುವಾರ ರಾತ್ರಿ ತವರಲ್ಲಿ ಉಳಿದು, ಸೋಮವಾರ ಅರ್ಧ ದಿನದ ರಜೆ ಹಾಕಿ. ಬಾಡಿಗೆ ಮೂಟೆ ನಿಲ್ಲಿಸಿದೆವು. ಆ ಆದಾಯ ಹೋದದ್ದು ನಿಜ, ನನ್ನ ನೌಕರಿಗೆ ಅದು ಸಲ್ಲದು. ಇವರು ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ "ಕ್ಲಚ್ಚು, ಕ್ಲಚ್ಚು" ಎಂದು ಕೂಗಿದರು. ತಳಕು ದಾಟಿದ ಮೇಲೆ ಕೂಗು ನಿಂತಿತು. ನಿದ್ದೆಯೇನೋ ಎಂದು ತಿರುಗಿ ನೋಡಿದೆ. ಎಚ್ಚರವಾಗೇ ಇದ್ದರು. ನಾನು ಗೇರ್ ಬದಲಿಸಿದಾಗಲೆಲ್ಲ ಅವರ ಆ ಪೆಟ್ಟಾದ ಎಡಗಾಲು ಮೆಲ್ಲಗೆ ಗಾಡಿಯ ನೆಲವನ್ನು ಒತ್ತುತ್ತಿತ್ತು.